ಹತ್ತು ಗಂಟೆಯೊಳಗೆ ಇಳಿದುಬಿಡಿ

ಬೇಸಿಗೆ ಬಂತೆಂದರೆ ಪಶ್ಚಿಮ ಘಟ್ಟದ ಚಾರಣದಾರಿಗಳಿಗೆ ಬೀಗ. ನಂದಿ, ಸಾವನದುರ್ಗಗಳಲ್ಲಿ ವಾರಾಂತ್ಯಕ್ಕೆ ಕಾಲಿಡಲು ಜಾಗವಿಲ್ಲ. ಹಾಗಾದರೆ ಬೆಟ್ಟದ ಹುಚ್ಚಿರುವವರು ಹೋಗುವುದೆಲ್ಲಿಗೆ? ತುಮಕೂರು ಜಿಲ್ಲೆಯ ಮಧುಗಿರಿಯಲ್ಲಿ ಒಂದು ಬೋಳುಬಂಡೆ ಕಾದು ಕೂತಿದೆ. ಕಾಲಿಗೆ ಅದು ಬೇಸಿಗೆಯಲ್ಲೇ ಒಳ್ಳೆಯದು. ತಲೆಗೆ ಮಾತ್ರ ಅಲ್ಲ!

ಬೆಳಗಿನ ಐದೂಮುಕ್ಕಾಲು. ಮಧುಗಿರಿಯ ಬೀದಿದೀಪಗಳು ಇನ್ನೂ ಆರಿರಲಿಲ್ಲ. ಊರಿನ ಮನೆಗಳ ಹಿಂದೆಯೇ ಎದ್ದು ನಿಂತ ಬೆಟ್ಟ ಆ ಮಬ್ಬಿನಲ್ಲಿ ಬರೀ ಒಂದು ಕಪ್ಪು ಆಕಾರ. ಗೂಡಂಗಡಿಯಲ್ಲಿ ಹಾಲು ಕಾಯಲಿಟ್ಟಿದ್ದ ಹೆಂಗಸು ನಮ್ಮ ಬೆನ್ನಿನ ಚೀಲಗಳನ್ನು ಮೇಲಿಂದ ಕೆಳಗೆ ನೋಡಿದರು.

"ಬೆಟ್ಟಕ್ಕಾ?"

ಹೌದೆಂದೆವು.

"ಹಂಗಾರೆ ಟೀ ಕುಡ್ಕಂಡು ಬೇಗ ಹತ್ಬಿಡಿ ಅಣ್ಣ. ಹತ್ತು ಗಂಟೆಯೊಳಗೆ ಇಳ್ಕಂಡು ಬನ್ನಿ. ಆಮೇಲೆ ಅದು ಬೆಟ್ಟ ಅಲ್ಲ, ರೊಟ್ಟಿ ಹಂಚು."

ಬೇಸಿಗೆ ಚಾರಣದ ಬಗ್ಗೆ ಪುಸ್ತಕದಲ್ಲೂ ಫೋನಿನಲ್ಲೂ ಬೇಕಾದಷ್ಟು ಓದಿದ್ದೇನೆ. ಇಷ್ಟು ಚಿಕ್ಕದಾಗಿ, ಇಷ್ಟು ಉಪಯೋಗಕ್ಕೆ ಬರುವ ಹಾಗೆ ಹೇಳಿದವರು ಇನ್ನೊಬ್ಬರಿಲ್ಲ. ಬೆಂಗಳೂರಿನಿಂದ ಬರುವವರಲ್ಲಿ ಅನೇಕರು ಈ ಬೆಟ್ಟದ ಬುಡ ಮುಟ್ಟುವುದೇ ಹತ್ತು ಗಂಟೆಗೆ!

ಮಧುಗಿರಿಯ ಹೆಸರು ಕೇಳದ ಕನ್ನಡಿಗರಿಲ್ಲ. ಪಾವಗಡದ ಕಡೆ ಹೋಗುವವರೆಲ್ಲ ಬಸ್ಸಿನ ಕಿಟಕಿಯಿಂದ ಈ ಬಂಡೆಯನ್ನು ಕತ್ತೆತ್ತಿ ನೋಡಿದವರೇ. ಹತ್ತಿದವರು ಕಡಿಮೆ. ಹತ್ತಿದವರಲ್ಲೂ ತುದಿ ಮುಟ್ಟಿದವರು ಇನ್ನೂ ಕಡಿಮೆ. ಏಷ್ಯಾದ ಎರಡನೆಯ ದೊಡ್ಡ ಏಕಶಿಲೆ ಎಂಬ ಬಿರುದು ಇದಕ್ಕಿದೆ. ಮಾಗಡಿ ಕಡೆಯ ಸಾವನದುರ್ಗಕ್ಕೂ ಇಂಥದೇ ಬಿರುದುಗಳಿವೆ. ಅಳೆದವರು ಯಾರು, ಯಾವಾಗ ಅಳೆದರು ಎಂದು ಕೇಳಲು ಹೋಗಬಾರದು. ಸಮುದ್ರಮಟ್ಟದಿಂದ 3,930 ಅಡಿ ಎಂಬ ಲೆಕ್ಕವೇನೋ ಗಟ್ಟಿ. ಊರಿನಿಂದ ತುದಿಗೆ ಸುಮಾರು 400 ಮೀಟರ್ ಏರು. ಕೊಡಗಿನವರಿಗೋ ಚಿಕ್ಕಮಗಳೂರಿನವರಿಗೋ ಈ ಎತ್ತರ ಏನೂ ಅಲ್ಲ. ಆದರೆ ಅಲ್ಲಿ ಸುತ್ತಿ ಬಳಸಿ ಹೋಗುವ ದಾರಿ, ಮಧ್ಯೆ ಮಧ್ಯೆ ಮರದ ನೆರಳು. ಇಲ್ಲಿ ಬಂಡೆ, ಬಂಡೆಯ ಮೇಲೆ ನೀವು, ನಿಮ್ಮ ಮೇಲೆ ಸೂರ್ಯ.

ಇಂಥ ಬೆಟ್ಟವನ್ನು ಚಳಿಗಾಲ ಬಿಟ್ಟು ಬೇಸಿಗೆಯಲ್ಲಿ ಹತ್ತುವುದೇಕೆ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಡಿಸೆಂಬರ್, ಜನವರಿಯೇ ಸುಖ. ಆದರೆ ಮಳೆಗಾಲಕ್ಕೂ ಬೇಸಿಗೆಗೂ ಆಯ್ಕೆ ಮಾಡು ಎಂದರೆ ನಾನು ಬೇಸಿಗೆಯನ್ನೇ ಆರಿಸುತ್ತೇನೆ. ಕಾರಣ ಬಂಡೆಯ ಮೈಮೇಲೇ ಬರೆದಿದೆ. ಇಳಿಜಾರಿನ ಉದ್ದಕ್ಕೂ ಮೇಲಿನಿಂದ ಕೆಳಗೆ ಎಳೆದ ಕಪ್ಪು ಪಟ್ಟೆಗಳು ಕಾಣುತ್ತವೆ. ಮಳೆನೀರು ಹರಿಯುವ ಜಾಡುಗಳವು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯಂಥ ಜೀವಿಗಳು ಅಲ್ಲಿ ಪದರಗಟ್ಟಿ ಬೆಳೆದು ಕಲ್ಲನ್ನು ಕಪ್ಪಾಗಿಸಿವೆ. ಒಂದು ಹನಿ ಬಿದ್ದರೆ ಸಾಕು, ಆ ಪಟ್ಟೆಯ ಮೇಲೆ ಎಂಥ ದುಬಾರಿ ಬೂಟೂ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಅದೇ ಪದರ ಒಣಗಿ ಹಕ್ಕಳೆಯಾಗಿರುತ್ತದೆ. ಬಂಡೆಯ ಹರಳುಗಳು ಅಂಗಾಲನ್ನು ಕಚ್ಚಿ ಹಿಡಿಯುತ್ತವೆ. ಹಾಗಿದ್ದರೂ ಕಪ್ಪು ಪಟ್ಟೆ ಬಿಟ್ಟು ಬಿಳುಪಾದ ಕಲ್ಲಿನ ಮೇಲೇ ಹೆಜ್ಜೆ ಇಡುವುದು ಬಂಡೆ ಹತ್ತುವವರ ಹಳೆಯ ರೂಢಿ. ಅಭ್ಯಾಸವಾದರೆ ಕಾಲು ತಾನಾಗಿಯೇ ಹುಡುಕಿಕೊಳ್ಳುತ್ತದೆ.

---

ಘಟ್ಟಕ್ಕೇಕೆ ಬೀಗ?

ಫೆಬ್ರುವರಿಯಿಂದ ಮಳೆ ಹಿಡಿಯುವವರೆಗೆ ಘಟ್ಟದ ಹುಲ್ಲುಗಾವಲು ಒಂದು ಕಿಡಿಗೆ ಕಾಯುತ್ತಿರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದು ಸಾವಿರಾರು ಎಕರೆ ಕಾಡು ಬೂದಿಯಾದದ್ದು ಇನ್ನೂ ಮರೆತಿಲ್ಲ. ಕಾಡ್ಗಿಚ್ಚಿನ ಭಯದಿಂದಲೇ ಅರಣ್ಯ ಇಲಾಖೆ ಬೇಸಿಗೆಯಲ್ಲಿ ಹಲವು ಚಾರಣದಾರಿಗಳನ್ನು ಮುಚ್ಚುತ್ತದೆ.

ಇನ್ನೊಂದು ಕಾರಣ ಜನಜಾತ್ರೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಲೇ ನುಗ್ಗಿದ ವಿಡಿಯೊಗಳು ಎಲ್ಲೆಡೆ ಹರಿದಾಡಿದವು. ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣಕ್ಕೆ ಸರ್ಕಾರ ತಡೆ ಹಾಕಿತು. ಅದೇ ವರ್ಷ 'ಅರಣ್ಯ ವಿಹಾರ' ಎಂಬ ಆನ್‌ಲೈನ್ ವ್ಯವಸ್ಥೆ ಬಂತು. ಈಗ ಘಟ್ಟದ ದಾರಿ ಹಿಡಿಯುವ ಮುನ್ನ ಅಲ್ಲಿ ನೋಡಿಕೊಳ್ಳುವುದು ಕಡ್ಡಾಯ ಎಂದೇ ತಿಳಿಯಿರಿ.

---

ಮೊದಲ ಅರ್ಧ ಗಂಟೆ ಯಾರಿಗೂ ಕಷ್ಟವಲ್ಲ. ಬುಡದಲ್ಲಿ ಕೋಟೆಯ ಭಾರೀ ಗೋಡೆ, ಅದರೊಳಗೆ ಅಂತರಾಳದ ಬಾಗಿಲು. ಅಲ್ಲಿಂದ ಮೆಟ್ಟಿಲು. ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಹೆಸರುಳ್ಳವು ಕೆಲವು. ಹೆಸರು ಕಳೆದುಕೊಂಡ ಬಾಗಿಲುಗಳು ಇನ್ನೂ ಹಲವು. ಒಂದನ್ನು ದಾಟಿದರೆ ಇನ್ನೊಂದು ಎದುರಾಗುತ್ತದೆ. ಯಾವ ಬಾಗಿಲೂ ನೇರಕ್ಕಿಲ್ಲ. ಒಳಹೊಕ್ಕ ತಕ್ಷಣ ಎಡಕ್ಕೋ ಬಲಕ್ಕೋ ತಿರುಗಲೇಬೇಕು. ನುಗ್ಗಿ ಬಂದ ಸೈನಿಕ ಅಲ್ಲಿ ವೇಗ ಕಳೆದುಕೊಳ್ಳಲಿ, ಮೇಲಿದ್ದವನಿಗೆ ಗುರಿ ಸಿಗಲಿ ಎಂಬ ಯುಕ್ತಿ. ಈಗ ಆ ತಿರುವುಗಳು ಏದುಸಿರು ಬಿಡುವವರಿಗೆ ನೆರಳು ಕೊಡುತ್ತವೆ.

ಹದಿನೇಳನೆಯ ಶತಮಾನದಲ್ಲಿ ಇಲ್ಲಿ ಆಳುತ್ತಿದ್ದವರು ಮಧುಗಿರಿಯ ಪಾಳೆಯಗಾರರು. 1678ರಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೈಸೂರಿನವರು ಬೆಟ್ಟ ಹಿಡಿದರು. ಆಮೇಲೆ ಹೈದರಾಲಿ ಬಂದ. ಕೋಟೆಯನ್ನು ಇನ್ನಷ್ಟು ಬಲಪಡಿಸಿದ. ಇಂದು ನೀವು ಬೆವರೊರೆಸಿಕೊಂಡು ಒರಗುವ ಗೋಡೆಯಲ್ಲಿ ಇಂಥ ಬೇರೆ ಬೇರೆ ಕಾಲದ ಕೆಲಸಗಳು ಬೆರೆತಿವೆ.

---

ಒದ್ದೆ ಕುರಿಯ ಸುದ್ದಿ

ಬೋಳುಬಂಡೆಯ ಮೇಲೆ ಕೋಟೆ ಕಟ್ಟುವ ಯೋಚನೆ ಬಂದದ್ದಾದರೂ ಹೇಗೆ? ಹಳೆಯ ಗೆಜೆಟಿಯರ್‌ಗಳಲ್ಲೂ ಸೇರಿರುವ ಐತಿಹ್ಯ ಹೀಗಿದೆ. ಮಂದೆ ತಪ್ಪಿಸಿಕೊಂಡು ಬೆಟ್ಟ ಹತ್ತಿದ ಕುರಿಯೊಂದು ವಾಪಸು ಬಂದಾಗ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತಂತೆ. ಮೇಲೆ ನೀರಿದೆ ಎಂದು ಗೊತ್ತಾದದ್ದೇ ತಡ, ಪಾಳೆಯಗಾರ ಹಿರೇಗೌಡ ಅಲ್ಲಿ ಮಣ್ಣಿನ ಕೋಟೆ ಕಟ್ಟಿಸಿದನಂತೆ.

ಕುರಿ ನಿಜವೋ ಸುಳ್ಳೋ, ನೀರು ನಿಜ. ಬೆಟ್ಟದಲ್ಲಿ ಮೆಟ್ಟಿಲು ಕಟ್ಟಿದ ದೊಡ್ಡ ದೊಣೆಗಳಿವೆ. ಭೀಮನ ದೊಣೆ, ನವಿಲು ದೊಣೆ ಎಂದು ಅವುಗಳ ಹೆಸರು. ಕೋಟೆಗೆ ಮುತ್ತಿಗೆ ಬಿದ್ದಾಗ ಎಷ್ಟು ದಿನ ತಾಳಬಹುದು ಎನ್ನುವುದನ್ನು ಫಿರಂಗಿಗಿಂತ ಹೆಚ್ಚಾಗಿ ಈ ದೊಣೆಗಳೇ ತೀರ್ಮಾನಿಸುತ್ತಿದ್ದವು. ಇಂದು ಇವುಗಳ ಪಾಚಿನೀರನ್ನು ನಂಬಿ ಖಾಲಿ ಬಾಟಲಿ ಹಿಡಿದು ಹತ್ತಬೇಡಿ.

---

ಅರ್ಧದಾರಿಯ ಕಾವಲು ಬುರುಜು ದಾಟಿದ ಮೇಲೆ ಮೆಟ್ಟಿಲುಗಳ ಮರ್ಯಾದೆ ಮುಗಿಯುತ್ತದೆ.

ಮುಂದಿರುವುದು ಬಂಡೆಯ ಮೈ. ಅದರಲ್ಲಿ ಉಳಿಯಿಂದ ಕಡಿದ ಗುಂಡಿಗಳು, ಒಂದೊಂದರಲ್ಲಿ ಅರ್ಧ ಪಾದ ಹಿಡಿಸಬಹುದು. ಶತಮಾನಗಳ ಕಾಲುಗಳು ತುಳಿದೂ ತುಳಿದೂ ಅವುಗಳ ಅಂಚು ನುಣುಪಾಗಿದೆ. ಪಕ್ಕಕ್ಕೆ ಕೆಲವೆಡೆ ಕಬ್ಬಿಣದ ಕಂಬಿ, ಕೆಲವೆಡೆ ಕಂಬಿ ಹೋಗಿ ಬರೀ ಗೂಟ. ಎಡಕ್ಕೆ ನೋಡಿದರೆ ಬಂಡೆ ಜಾರಿ ಹೋಗಿ ಎಲ್ಲಿ ಮುಗಿಯುತ್ತದೆ ಎನ್ನುವುದು ಕಾಣುವುದಿಲ್ಲ. ಅದಕ್ಕೂ ಕೆಳಗೆ ಊರಿನ ಹೆಂಚಿನ ಮಾಡುಗಳು.

ಬಹಳ ಜನ ಇಲ್ಲೇ ಕೂತುಬಿಡುತ್ತಾರೆ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಹತ್ತುವ ಧೈರ್ಯ ಮಾಡುವವರು ತಿಳಿದಿರಬೇಕಾದ್ದು ಇಷ್ಟು: ಇಂಥ ಇಳಿಜಾರಿನಲ್ಲಿ ಭಯಕ್ಕೆ ಬಗ್ಗಿ ಬಂಡೆಗೆ ಮೈ ತಾಗಿಸಿದಷ್ಟೂ ಜಾರುವುದು ಹೆಚ್ಚು. ಮೈ ಬಂಡೆಗೆ ಒರಗಿದರೆ ಪಾದದ ಮೇಲಿನ ಭಾರ ತಪ್ಪುತ್ತದೆ, ಹಿಡಿತವೂ ತಪ್ಪುತ್ತದೆ. ಭಾರ ನೇರ ಪಾದದ ಮೇಲೆ ಬೀಳುವಂತೆ, ಅಂಗಾಲು ಪೂರ್ತಿ ಊರಿ, ಚಿಕ್ಕ ಚಿಕ್ಕ ಹೆಜ್ಜೆ ಇಡಬೇಕು. ನಮ್ಮ ಮುಂದೆ ಹೋಗುತ್ತಿದ್ದ ಊರಿನ ಹುಡುಗನೊಬ್ಬ ಹವಾಯಿ ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ, ಎರಡು ಕೈಯನ್ನೂ ಬೀಸಿಕೊಂಡು ಮೇಲೆ ಹೋಗಿ ನಮಗಾಗಿ ಕಾಯುತ್ತ ನಿಂತ. ಆರೂವರೆಯ ಬಂಡೆಯ ಮೇಲೆ ಬರಿಗಾಲು ನಡೆಯುತ್ತದೆ. ಹತ್ತೂವರೆಗೆ ಅವನೂ ಚಪ್ಪಲಿ ಹಾಕಿಕೊಳ್ಳುತ್ತಾನೆ.

ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ರಾಮನಗರ, ಮಾಗಡಿ, ಕೊರಟಗೆರೆ, ಮಧುಗಿರಿ, ಪಾವಗಡ ಎಂದು ದಕ್ಷಿಣದಿಂದ ಉತ್ತರಕ್ಕೆ ನೂರಾರು ಕಿಲೊಮೀಟರ್ ಉದ್ದಕ್ಕೆ, ಇಪ್ಪತ್ತು ಮೂವತ್ತು ಕಿಲೊಮೀಟರ್ ಅಗಲಕ್ಕೆ ಹಬ್ಬಿರುವ ಗ್ರಾನೈಟ್ ಪಟ್ಟಿಯ ತುಣುಕು ಇದು. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಹೆಸರು ಕ್ಲೋಸ್‌ಪೇಟೆ. ಊರು ಹೆಸರು ಬದಲಿಸಿಕೊಂಡಿತು, ಕಲ್ಲು ಬದಲಿಸಿಕೊಳ್ಳಲಿಲ್ಲ. ಭೂಮಿಯ ಆಳದಲ್ಲಿ ಹೆಪ್ಪುಗಟ್ಟಿದ ಈ ಬಂಡೆಯ ಮೇಲಿನ ಭಾರವೆಲ್ಲ ಸವೆದು ಹೋದ ಮೇಲೆ ಅದು ಹಿಗ್ಗಿ, ಮೈಯನ್ನು ಪದರ ಪದರವಾಗಿ ಬಿಡಿಸಿಕೊಳ್ಳತೊಡಗಿತು. ದುಂಡನೆಯ ಬೋಳು ಆಕಾರ ಬಂದದ್ದು ಹಾಗೆ. ದಾರಿಯಲ್ಲಿ ಒಂದೆಡೆ ಅಂಗೈಯಿಂದ ಬಡಿದು ನೋಡಿ. ಗಟ್ಟಿ ಬಂಡೆ ಸುಮ್ಮನಿರುತ್ತದೆ. ಪದರ ಬಿಟ್ಟ ಕಡೆ ಟೊಳ್ಳು ಸದ್ದು. ಅಲ್ಲಿ ಭಾರ ಹಾಕಬೇಡಿ.

---

ಬಿಸಿಲಿಗೆ ಬಾಯಿಬಿಡುವ ಬಂಡೆ

ಕಲ್ಲು ಬಿಸಿಲಿಗೆ ಅಲುಗಾಡುತ್ತದೆಯೇ? ಅಮೆರಿಕದ ಯೋಸೆಮಿಟಿ ಕಣಿವೆಯ ಗ್ರಾನೈಟ್ ಗೋಡೆಯೊಂದರಲ್ಲಿ ವಿಜ್ಞಾನಿಗಳು ವರ್ಷಗಟ್ಟಲೆ ಉಪಕರಣ ಇಟ್ಟು ಅಳೆದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಬಂಡೆಯಿಂದ ಬಿಟ್ಟುಕೊಂಡಿದ್ದ ಕಲ್ಲಿನ ಪದರ ಹಗಲಿನ ಬಿಸಿಗೆ ಹೊರಕ್ಕೆ ಬಾಗಿ, ರಾತ್ರಿ ತಣ್ಣಗಾದಾಗ ಒಳಕ್ಕೆ ಸರಿಯುತ್ತಿತ್ತು. ದಿನವೊಂದರಲ್ಲಿ ಒಂದು ಸೆಂಟಿಮೀಟರ್‌ವರೆಗೂ! ಮಳೆ, ಭೂಕಂಪ ಯಾವುದೂ ಇಲ್ಲದ ಬೇಸಿಗೆಯ ಹಗಲಲ್ಲಿ ಬಂಡೆಗಳು ಕಳಚಿ ಬೀಳುವುದಕ್ಕೆ ಇದೊಂದು ಕಾರಣ ಎಂದು ಅವರು ವಿವರಿಸಿದರು.

---

ಬಿಸಿಲು ಏರುತ್ತಿದ್ದಂತೆ ಬಂಡೆಯ ನಿಜವಾದ ಒಡೆಯ ಹೊರಬರುತ್ತಾನೆ. ಓತಿಕ್ಯಾತ. ದಕ್ಷಿಣ ಭಾರತದ ಬಂಡೆಗಳಿಗೇ ಹೇಳಿ ಮಾಡಿಸಿದ ಜಾತಿ ಇದು. ಹೆಣ್ಣಿನದು ಕಲ್ಲಿನದೇ ಬಣ್ಣ, ಮುಂದೆಯೇ ಇದ್ದರೂ ಕಾಣುವುದಿಲ್ಲ. ಗಂಡಿನ ಸೊಗಸು ನೋಡಬೇಕಾದ್ದು ಬೇಸಿಗೆ ಕಳೆದು ಮಳೆ ಶುರುವಾಗುವ ಹೊತ್ತಿನಲ್ಲಿ. ಬೆನ್ನು ಕೆಂಪು, ಪಕ್ಕೆಯೆಲ್ಲ ಕಪ್ಪು. ಎದುರಿಗೆ ಬಂದದ್ದು ಹೆಣ್ಣೋ ಎದುರಾಳಿ ಗಂಡೋ ಎಂಬುದರ ಮೇಲೆ ಅದರ ಬಣ್ಣ ನೋಡನೋಡುತ್ತಲೇ ಬದಲಾಗುತ್ತದೆ. ಕಾದ ಬಂಡೆಯ ಮೇಲೆ ತಲೆಯೆತ್ತಿ ದಂಡ ಹೊಡೆಯುವ ಈ ಪ್ರಾಣಿಯೂ ಉರಿಬಿಸಿಲಿಗೆ ಬಿರುಕು ಸೇರಿಕೊಳ್ಳುತ್ತದೆ. ಅದು ಒಳಗೆ ಹೋದ ಮೇಲೂ ನೀವು ಹೊರಗಿದ್ದರೆ ನಿಮ್ಮ ಲೆಕ್ಕಾಚಾರ ತಪ್ಪಿದೆ ಎಂದೇ ಅರ್ಥ.

ಕಲ್ಲಿನ ಕಮರಿಗಳಲ್ಲಿರುವ ಹೆಜ್ಜೇನಿನ ಹುಟ್ಟುಗಳ ಮೇಲೂ ಕಣ್ಣಿರಲಿ. ಕೂಗಾಟ, ಸಿಗರೇಟಿನ ಹೊಗೆ, ಗಮಗಮಿಸುವ ಸೆಂಟು ಮೂರೂ ಬೇಡ. ಓಡಲು ಜಾಗವಿಲ್ಲದ ಕಡೆ ಜೇನೆದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ತುದಿಯಲ್ಲಿ ದೊಡ್ಡ ಬಯಲು, ಪಾಳುಬಿದ್ದ ಗೋಪಾಲಕೃಷ್ಣ ಗುಡಿ, ಉಗ್ರಾಣಗಳಂಥ ಮುರುಕು ಕಟ್ಟಡಗಳು. ಗುಡಿಯೊಳಗೆ ಮೂರ್ತಿ ಇಲ್ಲ. ಗೋಡೆಯ ತುಂಬ ಪ್ರೇಮಿಗಳ ಹೆಸರುಗಳಿವೆ. 400 ಮೀಟರ್ ಏರಿ ಬಂದು ಮೊಳೆಯಿಂದ ಹೆಸರು ಗೀಚುವವರ ಪ್ರೀತಿ ಗಟ್ಟಿಯೇ ಇರಬೇಕು. ಬುದ್ಧಿಯ ಬಗ್ಗೆ ಅದೇ ಮಾತು ಹೇಳಲಾರೆ.

ಈ ಬೆಟ್ಟದಲ್ಲಿ ಸೆರೆಯಿದ್ದವಳು ಕೆಳದಿ ಸಂಸ್ಥಾನದ ಕೊನೆಯ ರಾಣಿ ವೀರಮ್ಮಾಜಿ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಅವಳನ್ನೂ ಮಗನನ್ನೂ ಹಿಡಿದು ಮಧುಗಿರಿಗೆ ಕಳಿಸಿದ. ಬಿದನೂರೆಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ. ಜೂನ್‌ನಲ್ಲಿ ಹಿಡಿದ ಮಳೆ ತಿಂಗಳುಗಟ್ಟಲೆ ಬಿಡದ ಊರು. ಹಸಿರು ಬಿಟ್ಟು ಬೇರೆ ಬಣ್ಣ ಕಾಣದ ಸೀಮೆಯಿಂದ ಬಂದವಳಿಗೆ ಈ ಬೋಳುಕಲ್ಲಿನ ಬೇಸಿಗೆಗಳು ಹೇಗೆ ಕಂಡವೋ! ಇತಿಹಾಸ ಪುಸ್ತಕಗಳು ಸೆರೆಯ ವರ್ಷಗಳನ್ನು ಲೆಕ್ಕ ಹಾಕುತ್ತವೆ, ಬಿಸಿಲನ್ನು ಲೆಕ್ಕ ಹಾಕುವುದಿಲ್ಲ. 1767ರಲ್ಲಿ ಪೇಶ್ವೆ ಮಾಧವರಾವ್ ಮಧುಗಿರಿಯನ್ನು ಹಿಡಿದಾಗ ಅವಳಿಗೆ ಬಿಡುಗಡೆ ಸಿಕ್ಕಿತು. ಪುಣೆಗೆ ಹೋಗುವ ದಾರಿಯಲ್ಲೇ ತೀರಿಕೊಂಡಳು. ಮಧುಗಿರಿಯ ಬೋರ್ಡುಗಳು ಏಕಶಿಲೆಯ ಬಿರುದಿನ ಬದಲು ಈ ರಾಣಿಯ ಕಥೆಯನ್ನು ಹೇಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಮೇಲೆ ಹೆಚ್ಚು ಹೊತ್ತು ಕೂರುವಂತಿಲ್ಲ. ಎಂಟು ಗಂಟೆಯ ಗಾಳಿ ಹಿತವಾಗಿಯೇ ಇರುತ್ತದೆ, ಅದೇ ಮೋಸ. ಗಾಳಿ ಬೆವರನ್ನು ಆಗಿಂದಾಗ್ಗೆ ಒಣಗಿಸುವುದರಿಂದ ಮೈ ಎಷ್ಟು ನೀರು ಕಳೆದುಕೊಳ್ಳುತ್ತಿದೆ ಎಂದೇ ತಿಳಿಯುವುದಿಲ್ಲ. ಬಾಯಾರಿಕೆ ಆದಾಗ ಕುಡಿಯುತ್ತೇನೆ ಎಂದರೆ ಅಷ್ಟರಲ್ಲಿ ತಡವಾಗಿರುತ್ತದೆ.

ಏಪ್ರಿಲ್ ಕೊನೆಯ ವಾರ ಈ ಭಾಗದಲ್ಲಿ ಶೂನ್ಯ ನೆರಳಿನ ದಿನ. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ತೋರಿಸಲು ಚೆಂದದ ಪ್ರಯೋಗ. ಬೆಟ್ಟದ ಮೇಲೆ ಇದರರ್ಥ ಬೇರೆ. ಇಷ್ಟೆತ್ತರದ ಕೋಟೆಗೋಡೆಯ ಬುಡದಲ್ಲೂ ತಲೆ ಮರೆಸಿಕೊಳ್ಳಲು ಒಂದು ಗೇಣು ನೆರಳಿರುವುದಿಲ್ಲ. ಗಾಳಿಯ ತಾಪ 37 ಡಿಗ್ರಿ ಇದ್ದ ದಿನ ಬಿಸಿಲಿಗೆ ಮೈಯೊಡ್ಡಿದ ಬಂಡೆಯ ಮೈ 50 ಡಿಗ್ರಿ ದಾಟುವುದು ದೊಡ್ಡ ವಿಷಯವಲ್ಲ. ಇದೇ ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ನೆನಪಿಸಿಕೊಳ್ಳಿ. ಈ ಸೀಮೆಯ ಬಿಸಿಲು ಎಂಥದ್ದೆಂದು ಸರ್ಕಾರಕ್ಕೂ ಗೊತ್ತು.

ಹಾಗಾದರೆ ಸಂಜೆ ಹತ್ತೋಣ ಎನ್ನುವ ಜಾಣರಿದ್ದಾರೆ. ದಿನವಿಡೀ ಬಿಸಿಲು ಕುಡಿದ ಗ್ರಾನೈಟ್ ಅದನ್ನು ಬಿಡುವುದು ನಿಧಾನ. ಸೂರ್ಯ ಮುಳುಗಿದ ಮೇಲೂ ಕೆಳಗಿನಿಂದ ಕಾವು ಬಡಿಯುತ್ತಿರುತ್ತದೆ. ಬಂಡೆ ಅತಿ ತಣ್ಣಗಿರುವುದು ಸೂರ್ಯೋದಯದ ಆಸುಪಾಸಿನಲ್ಲಿ ಮಾತ್ರ. ಇನ್ನೊಂದು ಅಪಾಯ ಸಿಡಿಲು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ನಂತರ ಮೋಡ ಕಟ್ಟುವುದು, ಗುಡುಗುವುದು, ಮಳೆ ಸುರಿಯುವುದು ಎಲ್ಲ ಒಂದೇ ಗಂಟೆಯೊಳಗೆ ಮುಗಿಯಬಹುದು. ಸುತ್ತ ಮರವೊಂದೂ ಇಲ್ಲದ ಶಿಖರದ ಮೇಲೆ ಆಗ ಅತಿ ಎತ್ತರದ ವಸ್ತು ನೀವೇ. ಕಪ್ಪು ಪಟ್ಟೆಗಳೂ ಆಗಲೇ ಒದ್ದೆಯಾಗುವುದು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಮೊಣಕಾಲು ನಡುಗುತ್ತದೆ, ಕಣ್ಣಿಗೆ ಆಳ ಕಾಣುತ್ತದೆ. ನೇರ ಇಳಿಯದೆ ಅಡ್ಡಡ್ಡವಾಗಿ ಇಳಿಯಿರಿ. ತೀರಾ ಕಡಿದಾದ ಕಡೆ ಹತ್ತಿದ ಹಾಗೆಯೇ ಬಂಡೆಗೆ ಮುಖ ಮಾಡಿ ಗುಂಡಿ ಹುಡುಕಿಕೊಂಡು ಇಳಿದರೂ ಆಯಿತು. ಕಂಬಿ ಹಿಡಿಯುವ ಮುನ್ನ ಬೆರಳ ತುದಿಯಿಂದ ಮುಟ್ಟಿ ನೋಡಿ. ಬಿಸಿಲೇರಿದ ಮೇಲೆ ಕಬ್ಬಿಣವೂ ಸುಡುತ್ತದೆ. ಒಂದು ಜೊತೆ ಹತ್ತಿಯ ಕೈಗವಸು ಚೀಲದಲ್ಲಿದ್ದರೆ ಭಾರವೇನಲ್ಲ. ಜೊತೆಯವರಿಗೆ ತಲೆಸುತ್ತು, ವಾಕರಿಕೆ, ಸ್ನಾಯುಸೆಳೆತ ಕಾಣಿಸಿದರೆ ನೆರಳಿಗೆ ಕರೆತಂದು ಬಟ್ಟೆ ಸಡಿಲಿಸಿ, ನೀರು ಚಿಮುಕಿಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಮಾತು ತೊದಲಿದರೆ, ಗೊಂದಲವಾದರೆ, ಪ್ರಜ್ಞೆ ತಪ್ಪಿದರೆ ಅದು ಬರೀ ಸುಸ್ತಲ್ಲ, ಶಾಖಾಘಾತ. ಮೈ ತಣಿಸುತ್ತಲೇ 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಕೆಳಗೆ ಬಂದ ಮೇಲೆ ಪೇಟೆಯ ವೆಂಕಟರಮಣ, ಮಲ್ಲೇಶ್ವರ ಗುಡಿಗಳನ್ನು ನೋಡಬಹುದು. ಎರಡೂ ಅಕ್ಕಪಕ್ಕದಲ್ಲೇ ಇವೆ. ಒಳಗಿನ ಕಲ್ಲುಹಾಸು ಮಧ್ಯಾಹ್ನವೂ ತಣ್ಣಗಿರುತ್ತದೆ. ಬೆಟ್ಟದ ಚಪಲ ಇನ್ನೂ ತೀರದವರಿಗೆ ಇದೇ ಸುತ್ತಿನಲ್ಲಿ ಚನ್ನರಾಯನದುರ್ಗ, ಮಿಡಿಗೇಶಿ ಕೋಟೆಗಳಿವೆ. ಅಲ್ಲಿ ಜನ ಇನ್ನೂ ಕಡಿಮೆ. ಇನ್ನೊಂದು ಬೆಳಿಗ್ಗೆಗೆ ಇಟ್ಟುಕೊಳ್ಳಿ. ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೂ ಇದೇ ತಾಲ್ಲೂಕಿನದು. ಸಂಜೆ ಬಿಸಿಲಿಳಿದ ಮೇಲೆ ಹೋದರೆ ಕೃಷ್ಣಮೃಗಗಳು ಹಿಂಡು ಹಿಂಡಾಗಿ ಮೇಯುವುದು ಕಾಣಿಸುತ್ತದೆ.

ಬೆಂಗಳೂರಿನಿಂದ ದಾಬಸ್‌ಪೇಟೆ, ಕೊರಟಗೆರೆ ಮಾರ್ಗವಾಗಿ ಮಧುಗಿರಿ ನೂರು ಕಿಲೊಮೀಟರಿಗೆ ಸ್ವಲ್ಪ ಹೆಚ್ಚು. ತುಮಕೂರಿನಿಂದ ಬಸ್ಸು ಬೇಕಾದಷ್ಟಿವೆ. ತಲೆಗೆ ಟೋಪಿ ಅಥವಾ ಒದ್ದೆ ಟವೆಲ್, ಒಬ್ಬೊಬ್ಬರಿಗೆ ಕನಿಷ್ಠ ಮೂರು ಲೀಟರ್ ನೀರು, ಹಿಡಿತವಿರುವ ರಬ್ಬರ್ ಅಡಿಯ ಶೂ, ಖಾಲಿ ಬಾಟಲಿಗಳನ್ನು ವಾಪಸು ತರಲು ಒಂದು ಚೀಲ. ಕೋಟೆಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು ಹಿಂದಿನ ದಿನವೇ ಊರಲ್ಲಿ ವಿಚಾರಿಸಿ. ಒಂಟಿಯಾಗಿ ಹತ್ತಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ರಾತ್ರಿ ಮಧುಗಿರಿಯಲ್ಲೋ ತುಮಕೂರಿನಲ್ಲೋ ಉಳಿದುಕೊಳ್ಳಿ. ಬೆಳಿಗ್ಗೆ ಬೆಂಗಳೂರಲ್ಲಿ ತಿಂಡಿ ತಿಂದು ಹೊರಟವರು ಬುಡ ಸೇರುವ ಹೊತ್ತಿಗೆ ಬೆಟ್ಟ ಇಳಿಯುವ ಸಮಯವಾಗಿರುತ್ತದೆ.